ಗಾಳಿ ನೋಡಿ ದಿಕ್ಕು ಹಿಡಿಯಿರಿ: ಲಕ್ಕುಂಡಿ–ಗದಗ–ಹುಬ್ಬಳ್ಳಿ ಒಂದು ದಿನದ ಸೈಕಲ್ ದಾರಿ

ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿ.ಮೀ., ಅಲ್ಲಿಂದ ಲಕ್ಕುಂಡಿಗೆ ಇನ್ನೊಂದು 12. ಹೇಳಿಕೊಳ್ಳುವಂಥ ಏರು ಎಲ್ಲಿಯೂ ಇಲ್ಲ. ನಕ್ಷೆ ನೋಡಿ ‘ಇದೇನ್ ಮಹಾ’ ಅಂದು ಹೊರಟವರ ತೊಡೆ ನಡುದಾರಿಯ ಅಣ್ಣಿಗೇರಿ ಮುಟ್ಟುವಷ್ಟರಲ್ಲಿ ಸೋತಿರುತ್ತದೆ. ಈ ಎರಿ (ಕಪ್ಪು ಮಣ್ಣಿನ) ಸೀಮೆಯಲ್ಲಿ ಏರಿನ ಕೆಲಸ ಗಾಳಿ ಮಾಡುತ್ತದೆ. ಏರಾದರೆ ಆಚೆಗೊಂದು ಇಳಿಜಾರು ಸಿಕ್ಕೀತು, ಎದುರುಗಾಳಿಗೆ ಅದೂ ಇಲ್ಲ. ಸಪಾಟು ರಸ್ತೆಯಲ್ಲಿ ತಾಸಿಗೆ 18 ಕಿ.ಮೀ. ಹೋಗುವವರು ಜೋರು ಗಾಳಿಗೆ ಎದುರಾದರೆ 11–12ಕ್ಕೆ ಇಳಿಯುತ್ತಾರೆ.

ಹಾಗಾಗಿ ಮೊದಲು ತೀರ್ಮಾನಿಸಬೇಕಾದ್ದು ದಿಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ, ಆಗ ಹುಬ್ಬಳ್ಳಿಯಿಂದ ಗದಗದ ಕಡೆಗೆ ಹೋಗಿ. ನವೆಂಬರ್‌ನಿಂದ ಜನವರಿವರೆಗೆ ಮೂಡಣ ಗಾಳಿ, ಆಗ ಗದಗದಿಂದ ಹುಬ್ಬಳ್ಳಿಗೆ ಬನ್ನಿ. ಇನ್ನೊಂದು ದಿಕ್ಕಿನ ಪ್ರಯಾಣಕ್ಕೆ ರೈಲು ಇದೆ. ಹೋಗಿ ಬರುವುದೆರಡನ್ನೂ ತುಳಿದೇ ಮುಗಿಸುತ್ತೇನೆ ಅನ್ನುವ ಹಟದಿಂದ ದಿನ ಕೆಡುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಈ ದಾರಿಯ ಆಸೆಯನ್ನೇ ಬಿಡಿ, ಹನ್ನೊಂದರ ನಂತರ ನೆರಳು ಹುಡುಕಿದರೂ ಸಿಗದು.

ಇಲ್ಲಿ ಹೇಳುವುದು ಚಳಿಗಾಲದ ಲೆಕ್ಕ: ರೈಲಿನಲ್ಲಿ ಗದಗಕ್ಕೆ, ಮರುದಿನ ತುಳಿದು ಹುಬ್ಬಳ್ಳಿಗೆ. ಹಿಂದಿನ ದಿನ ಹುಬ್ಬಳ್ಳಿ ನಿಲ್ದಾಣದ ಪಾರ್ಸಲ್ ಕಚೇರಿಗೆ ರೈಲಿಗಿಂತ ಕನಿಷ್ಠ ಒಂದು ತಾಸು ಮೊದಲು ಹೋಗಿ, ನಿಮ್ಮ ಟಿಕೆಟ್ ತೋರಿಸಿ ಸೈಕಲ್ಲಿಗೆ ಲಗೇಜ್ ಚೀಟಿ ಮಾಡಿಸಿ. ಗುರುತಿನ ಚೀಟಿಯ ಝೆರಾಕ್ಸ್ ಇಟ್ಟುಕೊಳ್ಳಿ. ಹೆಸರು, ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ರಟ್ಟಿನ ಮೇಲೆ ದಪ್ಪಗೆ ಬರೆದು ಹ್ಯಾಂಡಲ್ಲಿಗೆ ಕಟ್ಟಿ. ಎಲ್ಲ ರೈಲಿಗೂ ಲಗೇಜ್ ಡಬ್ಬಿ ಇರುವುದಿಲ್ಲ, ಟಿಕೆಟ್ ತೆಗೆಸುವ ಮೊದಲೇ ಕೇಳಿ. ಗದಗದಲ್ಲಿ ರೈಲು ನಿಂತ ಕೂಡಲೇ ಆ ಡಬ್ಬಿಯ ಹತ್ತಿರ ಓಡಬೇಕು. ಬಾಟಲಿ, ದೀಪ, ಪಂಪು ಸೈಕಲ್ಲಿನಲ್ಲೇ ಬಿಡಬೇಡಿ.

ಸೈಕಲ್ ಯಾವುದಾದರೂ ನಡೆದೀತು, ಟಾಯರ್ ಮಾತ್ರ ತೀರ ಸಣ್ಣದು ಬೇಡ. 700ಸಿ ಅಳತೆಯ ಗಾಲಿಗೆ 32ರಿಂದ 35 ಮಿ.ಮೀ. ಅಗಲ ಈ ದಾರಿಗೆ ಸರಿ. 70 ಕಿಲೋ ತೂಕದವರು ಹಿಂದೆ 65, ಮುಂದೆ 55 ಪಿಎಸ್‌ಐ ಗಾಳಿ ಹಾಕಲಿ. ಸೀಟಿನ ಎತ್ತರ ನೋಡಲು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ಒತ್ತಿ: ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಸೀಟು ತಗ್ಗಿದ್ದರೆ ನಲವತ್ತು ಕಿ.ಮೀ. ಆದ ಮೇಲೆ ಮಂಡಿಯ ಮುಂಭಾಗ ನೋಯುತ್ತದೆ.

ಟ್ಯೂಬಿನ ವಾಲ್ವ್ ಸಣ್ಣ ಪಿನ್ನಿನದಾದರೆ ಹಿತ್ತಾಳೆಯ ಅಡಾಪ್ಟರ್ ಒಂದು ಕಿಸೆಯಲ್ಲಿರಲಿ. ಊರಿನ ಪಂಚರ್ ಅಂಗಡಿಯ ಪಂಪಿಗೆ ಅದಿಲ್ಲದೆ ಹೊಂದುವುದಿಲ್ಲ. ಮೋಟಾರ್‌ಸೈಕಲ್ ತರಹದ ವಾಲ್ವ್ ಇದ್ದವರಿಗೆ ಈ ಚಿಂತೆಯಿಲ್ಲ. ಚೀಲದಲ್ಲಿ ಎರಡು ಟ್ಯೂಬ್, ಪ್ಯಾಚ್ ಮತ್ತು ಸಲ್ಯೂಷನ್, ಟಾಯರ್ ಬಿಚ್ಚುವ ಎರಡು ಲಿವರ್, 4, 5, 6ರ ಅಲೆನ್ ಕೀ, ಚೈನ್ ಕತ್ತರಿಸುವ ಉಪಕರಣ, ನಿಮ್ಮ ಗೇರಿಗೆ ಹೊಂದುವ ಜೋಡಣೆ ಕೊಂಡಿ ಒಂದು. ಇದಕ್ಕಿಂತ ಹೆಚ್ಚು ಹೊರುವುದು ಬೇಡ.

ಪಂಚರ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಆಗಿಯೇ ಆಗುತ್ತದೆ. ಇಲ್ಲಿ ಶತ್ರುಗಳು ಇಬ್ಬರು: ಜಾಲಿ ಮುಳ್ಳು, ನೆಗ್ಗಿಲು ಮುಳ್ಳು. ಜಾಲಿ ಉದ್ದ, ಕಣ್ಣಿಗೆ ಕಾಣುತ್ತದೆ. ನೆಗ್ಗಿಲು ನೆಲಕ್ಕೆ ಹಬ್ಬುವ ಬಳ್ಳಿಯದು, ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೇ ನಿಲ್ಲುತ್ತದೆ. ಅಮೆರಿಕದ ಪಶ್ಚಿಮದ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯುವವರು ಶಪಿಸುವುದೂ ಇದೇ ಬಳ್ಳಿಯನ್ನು. ಚಹಾಕ್ಕೆ ನಿಲ್ಲುವಾಗ ಸೈಕಲ್ಲನ್ನು ಡಾಂಬರಿನ ಅಂಚು ದಾಟಿ ಹುಲ್ಲಿನ ಮೇಲೆ ತಳ್ಳಿದರೆ ಎರಡೂ ಗಾಲಿಗೆ ಒಟ್ಟಿಗೇ ಹತ್ತುತ್ತದೆ. ಎತ್ತಿಕೊಂಡು ಹೋಗಿ.

ಗಾಳಿ ಇಳಿಯಿತೆಂದರೆ ಟ್ಯೂಬ್ ಬದಲಿಸುವ ಮೊದಲು ಮುಳ್ಳನ್ನು ಹುಡುಕಿ. ಟಾಯರಿನ ಒಳಗೆ ಬರಿ ಬೆರಳು ಆಡಿಸಬೇಡಿ, ಹಳೆಯ ಬಟ್ಟೆ ಎಳೆಯಿರಿ; ಮುಳ್ಳಿದ್ದಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಮುಳ್ಳಿನ ತುದಿ ಮುರಿದು ಒಳಗೇ ಉಳಿದರೆ ಹೊಸ ಟ್ಯೂಬೂ ಎರಡು ಕಿ.ಮೀ. ಬಾರದು. ಪ್ಯಾಚ್ ಹಚ್ಚುವಾಗ ಟ್ಯೂಬನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಐದು ನಿಮಿಷ ಸುಮ್ಮನೆ ಬಿಡಿ. ಹಸಿ ಇದ್ದಾಗಲೇ ಒತ್ತಿದ ಪ್ಯಾಚ್ ಬಿಸಿಲಿಗೆ ಜಾರುತ್ತದೆ. ಬಹಳಷ್ಟು ಪ್ಯಾಚ್ ಕೆಡುವುದು ಇದೊಂದೇ ಅವಸರಕ್ಕೆ.

ಬೆಳಗ್ಗೆ ಆರೂವರೆಗೆ ಬೆಳಕು ಹರಿಯುವಾಗ ಗದಗ ಬಿಡಿ. ಈ ಹೊತ್ತಿಗೆ ಗಾಳಿ ಇನ್ನೂ ಎದ್ದಿರುವುದಿಲ್ಲ, ಲಕ್ಕುಂಡಿಗೆ ಮೂಡಣಕ್ಕೆ ಹೋಗುವ 12 ಕಿ.ಮೀ. ಮುಗಿಸಲು ಇದೇ ಸಮಯ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವನಾಥ ಗುಡಿ, ಮುಸುಕಿನ ಬಾವಿ ನೋಡಿ ಎಂಟೂವರೆಗೆ ಹೊರಳಿ. ಅಷ್ಟೊತ್ತಿಗೆ ಎದ್ದ ಗಾಳಿ ಬೆನ್ನಿಗಿರುತ್ತದೆ. ಗದಗದಲ್ಲಿ ನಾಷ್ಟಾ: ಇಡ್ಲಿಯೋ ಉಪ್ಪಿಟ್ಟೋ ಸಾಕು. ಮಿರ್ಚಿ ಭಜಿ ಕಣ್ಣಿಗೆ ಬಿದ್ದರೂ ಸಂಜೆಗೆ ಇಟ್ಟುಕೊಳ್ಳಿ, ಎಣ್ಣೆ ಪದಾರ್ಥ ಹೊಟ್ಟೆಯಲ್ಲಿ ಕಲ್ಲಾಗುತ್ತದೆ.

ಹುಲಕೋಟಿ ದಾಟಿ ಅಣ್ಣಿಗೇರಿಗೆ 25 ಕಿ.ಮೀ., ಹನ್ನೊಂದೂವರೆಯೊಳಗೆ ಮುಟ್ಟಬೇಕು. ಹೆದ್ದಾರಿ ಅಗಲವಾಗಿದೆ, ಎಡ ಅಂಚು ಹಿಡಿದು ಹೋಗಿ. ಎದುರು ದಿಕ್ಕಿನಿಂದಲೇ ಅದೇ ಅಂಚಿನಲ್ಲಿ ಮೋಟಾರ್‌ಸೈಕಲ್, ಟ್ರ್ಯಾಕ್ಟರ್ ಬರುವುದುಂಟು, ಕಣ್ಣು ಮುಂದಿರಲಿ.

ಒಳರಸ್ತೆ ಹಿಡಿದವರಿಗೆ ಬೇರೆ ತೊಡಕು. ಸುಗ್ಗಿಯಲ್ಲಿ ಕಾಳಿನ ಬಳ್ಳಿಯನ್ನು ತುಳಿಸಲು ಡಾಂಬರಿನ ಮೇಲೆ ಹರವಿರುತ್ತಾರೆ. ಅದರ ಮೇಲೆ ಸೈಕಲ್ ಓಡಿಸಿದರೆ ಕಡ್ಡಿಗಳು ಹಿಂದಿನ ಗೇರಿಗೆ ಸುತ್ತಿಕೊಂಡು ಆ ಗೇರು ಗಾಲಿಯ ಸ್ಪೋಕುಗಳಿಗೆ ಸಿಕ್ಕಿ ಮುರಿಯುತ್ತದೆ. ಇಳಿದು ನಡೆಯಿರಿ. ಸುತ್ತಲೂ ಕಲ್ಲು ಇಟ್ಟಿರುತ್ತಾರೆ, ಕತ್ತಲಲ್ಲಿ ಹೋಗದಿರಲು ಇದೂ ಒಂದು ಕಾರಣ. ಮಳೆಯಾದ ಮರುದಿನ ಹೊಲದ ದಾರಿಗೆ ಇಳಿಯಲೇಬೇಡಿ. ಎರಿ ಮಣ್ಣು ಟಾಯರಿಗೆ ಪದರು ಪದರಾಗಿ ಹತ್ತಿ ಬ್ರೇಕು, ಮಡ್‌ಗಾರ್ಡಿನ ಸಂದಿಯಲ್ಲಿ ತುಂಬಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಸಿಕ್ಕಿಬಿದ್ದರೆ ಸೈಕಲ್ ಹೆಗಲಿಗೇರಿಸಿ ಡಾಂಬರಿಗೆ ಬನ್ನಿ, ಒಣಗುವ ಮೊದಲೇ ಕಟ್ಟಿಗೆಯಿಂದ ಕೆದರಿ. ಒಣಗಿದರೆ ಸಿಮೆಂಟು. ಬೆಣ್ಣಿಹಳ್ಳ ಉಕ್ಕಿದ್ದಾಗ ಮುಳುಗಿದ ಸೇತುವೆ ದಾಟುವ ಸಾಹಸವೂ ಬೇಡ.

ದಾರಿ ಕೇಳುವಾಗ ‘ಎಷ್ಟು ದೂರ’ ಅಂದರೆ ‘ಇಲ್ಲೇ ಐತ್ರಿ’ ಅನ್ನುವ ಉತ್ತರ ಖಚಿತ. ‘ಕಾಕಾರ, ಬಸ್ಸಿಗೆ ಎಷ್ಟ ಹೊತ್ತ ಬೇಕ್ರಿ?’ ಅನ್ನಿ. ಬಸ್ಸಿನ ಹೊತ್ತಿನ ಎರಡೂವರೆ ಪಟ್ಟು ನಿಮ್ಮದು.

ಅಣ್ಣಿಗೇರಿಯಲ್ಲಿ ಮೂರು ಗಂಟೆವರೆಗೆ ವಿಶ್ರಾಂತಿ. ಖಾನಾವಳಿಯ ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಎರಡು ಗ್ಲಾಸ್ ಉಪ್ಪು ಹಾಕಿದ ಮಜ್ಜಿಗೆ. ಅಮೃತೇಶ್ವರ ಗುಡಿಯ ಕಂಬಗಳ ನಡುವೆ ತಂಪು ಸಿಗುತ್ತದೆ. ಸೈಕಲ್ ಮೇಲೆ ಇರುವಷ್ಟೂ ಹೊತ್ತು ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಕುಡಿಯಿರಿ, ಬಾಯಾರಲಿ ಎಂದು ಕಾಯಬೇಡಿ. ನಡುವೆ ಕಡಿಯಲು ಶೇಂಗಾ ಹೋಳಿಗೆಗೆ ಸಾಟಿ ಇಲ್ಲ: ಬೆಲ್ಲ, ಎಣ್ಣೆಕಾಳು ಎರಡೂ ಇವೆ, ಬಿಸಿಲಿಗೆ ಕೆಡುವುದಿಲ್ಲ, ಕರಗುವುದಿಲ್ಲ. ತಾಸಿಗೆ ಅರ್ಧ ಸಾಕು. ಪೇಢೆ ಮಾತ್ರ ಬಾಯಿ ಒಣಗಿಸುತ್ತದೆ, ಮನೆಗೆ ಒಯ್ಯಿರಿ.

ಮೂರಕ್ಕೆ ಹೊರಟರೆ ನಲವಡಿ, ಶಿರಗುಪ್ಪಿ ಹಾದು ಉಳಿದ 35 ಕಿ.ಮೀ. ಐದೂವರೆಯ ಸುಮಾರಿಗೆ ಮುಗಿಯುತ್ತದೆ. ಪಡುವಣಕ್ಕೆ ಬರುವುದರಿಂದ ಕೊನೆಯ ತಾಸು ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಹಿಂದಿನಿಂದ ಬರುವ ಚಾಲಕರಿಗೂ ಹಾಗೆಯೇ. ಹಿಂದಿನ ಕೆಂಪು ದೀಪವನ್ನು ನಾಲ್ಕೂವರೆಗೇ ಹಚ್ಚಿ.

ಮನೆ ಮುಟ್ಟಿದ ಮೇಲೆ ಚೈನನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ, ಒಣಗಿಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಡಿ. ಜಿಡ್ಡು ಉಳಿದರೆ ಎರಿ ಧೂಳು ಅದಕ್ಕೇ ಹತ್ತುತ್ತದೆ. ಆಮೇಲೆ ಎರಡೂ ಟಾಯರ್ ತಿರುಗಿಸುತ್ತ ಚಿಮಟದಿಂದ ಮುಳ್ಳು ಕೀಳಿ. ಒಂದೆರಡು ಇನ್ನೂ ಟ್ಯೂಬಿಗೆ ತಾಗದೆ ಅರ್ಧ ಇಳಿದು ಕೂತಿರುತ್ತವೆ.