ಒಂದೇ ಅರ್ಧ ತಲೆಯಲ್ಲಿ ನಾಲ್ಕೂ ಗ್ಯಾಂಗ್ಲಿಯನ್: ನನ್ನ ಅನುಭವ

ತಲೆಯ ನಾಲ್ಕು ಪ್ಯಾರಾಸಿಂಪಥೆಟಿಕ್ ಗ್ಯಾಂಗ್ಲಿಯನ್‌ಗಳನ್ನು, ಅಂದರೆ ಸಿಲಿಯರಿ, ಟೆರಿಗೋಪ್ಯಾಲಟೈನ್, ಸಬ್‌ಮ್ಯಾಂಡಿಬ್ಯುಲರ್, ಓಟಿಕ್ ಎಂಬ ನರಕೋಶಗಳ ಪುಟ್ಟ ಗಂಟುಗಳನ್ನು, ಅವುಗಳಿಗೆ ಬರುವ ನರಗಳ ಸಮೇತ, ಶವದ ಒಂದೇ ಅರ್ಧ ತಲೆಯಲ್ಲಿ ಉಳಿಸಿ ತೋರಿಸುವುದು ಆಗದ ಕೆಲಸ ಎಂಬ ಮಾತನ್ನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಕಾಲದಿಂದಲೂ ಕೇಳುತ್ತ ಬಂದಿದ್ದೇನೆ. ಸಿಲಿಯರಿ ಬೇಕೆಂದರೆ ಒಂದು ತಲೆ, ಓಟಿಕ್ ಬೇಕೆಂದರೆ ಇನ್ನೊಂದು. ಒಂದನ್ನು ಹುಡುಕುವ ದಾರಿಯಲ್ಲಿ ಮತ್ತೊಂದು ಹರಿದೇ ಹೋಗುತ್ತದೆ ಎಂಬುದು ಹಿರಿಯರ ವಾದ. ಆ ವಾದ ಸುಳ್ಳೇನೂ ಅಲ್ಲ. ಆದರೂ ಇವತ್ತು ಬೆಂಗಳೂರಿನ ನಮ್ಮ ಕಾಲೇಜಿನ ಮ್ಯೂಸಿಯಂನಲ್ಲಿ ಅಂಥದೊಂದು ಮಾದರಿ ಇದೆ, ನಾಲ್ಕೂ ಅದರಲ್ಲಿವೆ. ಬೇರೆ ಕಾಲೇಜುಗಳ ಸ್ನೇಹಿತರು ಹೇಗೆ ಮಾಡಿದಿರಿ ಎಂದು ಮತ್ತೆಮತ್ತೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಮೂರನೆಯ, ಏಳನೆಯ ಮತ್ತು ಒಂಬತ್ತನೆಯ ಕಪಾಲ ನರಗಳ ದಾರಿ ಓದುಗರಿಗೆ ಬಾಯಿಪಾಠವಾಗಿದೆ ಎಂದೇ ಭಾವಿಸಿದ್ದೇನೆ.

ನರಗಳು ಕೈತಪ್ಪುವುದು ಮೃದು ಅಂಗಾಂಶದಲ್ಲಿ ಅಲ್ಲ, ಕಿವಿಯನ್ನು ಒಳಗೊಂಡ ಟೆಂಪೊರಲ್ ಮೂಳೆಯ ಒಳಗೆ. ಏಳನೆಯ ನರ ಹಾಯುವ ಫೇಶಿಯಲ್ ಕಾಲುವೆಯ ಮೊದಲ ಭಾಗ 3ರಿಂದ 5 ಮಿ.ಮೀ. ಉದ್ದ, ಅಗಲ ಒಂದು ಮಿ.ಮೀ.ಗಿಂತಲೂ ಕಡಿಮೆ. ಆ ನರದಿಂದ ಸಬ್‌ಮ್ಯಾಂಡಿಬ್ಯುಲರ್ ಕಡೆಗೆ ಹೋಗುವ ಕವಲಾದ ಕಾರ್ಡಾ ಟಿಂಪಾನಿ, ಏಳನೆಯ ನರ ಮೂಳೆಯಿಂದ ಹೊರಬರುವ ಸ್ಟೈಲೋಮ್ಯಾಸ್ಟಾಯ್ಡ್ ರಂಧ್ರಕ್ಕೆ ಸುಮಾರು 6 ಮಿ.ಮೀ. ಮೇಲೆ ಕವಲೊಡೆದು, ಕಿವಿತಮಟೆಯ ಒಳಮಗ್ಗುಲಲ್ಲಿ ಮ್ಯಾಲಿಯಸ್ ಮತ್ತು ಇಂಕಸ್ ಎಂಬ ಕಿವಿಮೂಳೆಗಳ ನಡುವೆ ಹಾದು, ಪೆಟ್ರೋಟಿಂಪಾನಿಕ್ ಸಂದಿಯಿಂದ ಹೊರಬೀಳುತ್ತದೆ. ಈ ಸಂದಿಯಲ್ಲಿ ಡ್ರಿಲ್ ಇಟ್ಟವರಿಗೆ ಉಳಿಯುವುದು ನರದ ಎರಡು ತುದಿಗಳು ಮಾತ್ರ. ದಂತವೈದ್ಯಕೀಯ ವಿಭಾಗದಿಂದ ಡ್ರಿಲ್ ಬೇಡಿ ತಂದು ನಾವೂ ಹಲವು ಮೂಳೆಗಳನ್ನು ಹಾಳು ಮಾಡಿದೆವು. ಆಮೇಲೆ ತಿಳಿದದ್ದಿಷ್ಟೆ: ಮೂಳೆಯನ್ನು ಕೊರೆಯುವ ಬದಲು ಅದರ ಸುಣ್ಣವನ್ನೇ ತೆಗೆದುಬಿಟ್ಟರೆ, ಸ್ಕ್ಯಾಲ್ಪೆಲ್‌ನಿಂದ ಪದರಪದರವಾಗಿ ಸವರಬಹುದು.

ಸುಣ್ಣ ತೆಗೆಯುವ ವಿಧಾನ ಹೊಸದಲ್ಲ, ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಿಸ್ಟಾಲಜಿಯವರು ನಿತ್ಯ ಮಾಡುತ್ತಾರೆ. ಅವರದು ಬೆರಳುಗುರಿನಷ್ಟು ತುಂಡು, ನನ್ನದು ಅರ್ಧ ತಲೆ. ಸುಣ್ಣವನ್ನು ಹಿಡಿದು ತೆಗೆಯುವ ಇ.ಡಿ.ಟಿ.ಎ. ಎಂಬ ರಾಸಾಯನಿಕ ನರಗಳಿಗೆ ಒಳ್ಳೆಯದು, ಆದರೆ ಈ ಗಾತ್ರಕ್ಕೆ ತಿಂಗಳುಗಟ್ಟಲೆ ಬೇಕು, ಬೆಲೆಯೂ ಕೈಗೆಟಕುವುದಿಲ್ಲ. ನೈಟ್ರಿಕ್ ಆಮ್ಲ ಬೇಗ ಕೆಲಸ ಮಾಡುತ್ತದೆ, ಆದರೆ ಎಲ್ಲವನ್ನೂ ಹಳದಿಗೆ ತಿರುಗಿಸಿ ಸಣ್ಣ ನರಗಳನ್ನು ಮುಟ್ಟಿದರೆ ಮುರಿಯುವಂತೆ ಮಾಡುತ್ತದೆ. ಮೊದಲನೆಯ ತಲೆ ಹೋದದ್ದು ಹಾಗೆ. ಹೈಡ್ರೋಕ್ಲೋರಿಕ್ ಆಮ್ಲವನ್ನು ನಾನು ಹತ್ತಿರಕ್ಕೂ ತರಲಿಲ್ಲ, ಏಕೆಂದರೆ ಅದು ಫಾರ್ಮಾಲ್ಡಿಹೈಡ್ ಜೊತೆ ಸೇರಿದಾಗ ಕ್ಯಾನ್ಸರ್ ತರುವ ಬಿಸ್‌ಕ್ಲೋರೋಮೀಥೈಲ್ ಈಥರ್ ಉಂಟಾಗುವ ಅಪಾಯವಿದೆ, ನಮ್ಮ ಶವಗಳೋ ಫಾರ್ಮಾಲ್ಡಿಹೈಡ್‌ನ ದ್ರಾವಣವಾದ ಫಾರ್ಮಾಲಿನ್‌ನಲ್ಲೇ ನೆಂದವು. ಕೊನೆಗೆ ಉಳಿದದ್ದು ಫಾರ್ಮಿಕ್ ಆಮ್ಲ.

ಪ್ರಯೋಗಾಲಯದ ಶುದ್ಧತೆಯ ಬಾಟಲಿಗಳಿಗೆ ಬಂದ ದರಪಟ್ಟಿಯನ್ನು ಕಚೇರಿ ನೋಡಿದ ಕೂಡಲೇ ವಾಪಸು ಕಳಿಸಿತು. ಆಗ ನೆನಪಾದದ್ದು ಸುಳ್ಯದ ಕಡೆಯ ನಮ್ಮ ಸಂಬಂಧಿಕರ ರಬ್ಬರ್ ತೋಟ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಲು ಅವರು ಬಳಸುವುದು ಇದೇ ಆಮ್ಲವನ್ನು, 85 ಪ್ರತಿಶತದ್ದನ್ನು, ಕ್ಯಾನ್ ಲೆಕ್ಕದಲ್ಲಿ. ಒಂದು ಕ್ಯಾನಿಗೆ ನಾನು ಕೊಟ್ಟದ್ದು ಮೂರೂವರೆ ನಾಲ್ಕು ಸಾವಿರ ಇರಬೇಕು. ಅಷ್ಟೇ ಆಮ್ಲಕ್ಕೆ ಬಾಟಲಿಯ ಲೆಕ್ಕದಲ್ಲಿ ಅದರ ಆರೇಳು ಪಟ್ಟು ಆಗುತ್ತಿತ್ತು. ನೀರಿಗೆ ಆಮ್ಲ ಸುರಿಯುತ್ತ 10 ಪ್ರತಿಶತದ ಸುತ್ತಮುತ್ತ ಇಳಿಸಿಕೊಂಡು, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತಲೆಯನ್ನು ತೂಗುಹಾಕಬೇಕು, ತಳಕ್ಕೆ ತಾಗಿಸಬಾರದು. ವಾರಕ್ಕೆ ಎರಡು ಸಲ ದ್ರವ ಬದಲಾಯಿಸಬೇಕು. ಬಳಸಿದ ದ್ರವವನ್ನು ಅಮೋನಿಯಾದಿಂದ ತಟಸ್ಥಗೊಳಿಸಿ ಅಮೋನಿಯಂ ಆಕ್ಸಲೇಟ್ ಹಾಕಿದಾಗ ಬೆಳ್ಳಗೆ ಕದಡಿದರೆ ಸುಣ್ಣ ಇನ್ನೂ ಹೊರಬರುತ್ತಿದೆ ಎಂದರ್ಥ. ಟೆಂಪೊರಲ್ ಮೂಳೆಯ ಗಟ್ಟಿಯಾದ ಪೆಟ್ರಸ್ ಭಾಗ ಎಲ್ಲಕ್ಕಿಂತ ಕೊನೆಗೆ ಬಗ್ಗುತ್ತದೆ, ಆದ್ದರಿಂದ ಕೊನೆಯಲ್ಲಿ ಒಂದು ಎಕ್ಸ್-ರೇ ತೆಗೆಸಿ ನೋಡುವುದು ಲೇಸು.

ಆಮ್ಲಕ್ಕೆ ಮೊದಲು ಫಾರ್ಮಾಲಿನ್ ಹೋಗುವಂತೆ ತೊಳೆಯಬೇಕು, ಆಮ್ಲದ ನಂತರವೂ ತೊಳೆಯಬೇಕು. ಪುಸ್ತಕದಂತೆ ಹರಿಯುವ ನೀರಿನಲ್ಲಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಹರಿಯುವ ನೀರಿನ ಮಾತನಾಡುವ ಧೈರ್ಯ ಯಾರಿಗಿತ್ತು? ನಮ್ಮ ಬೋರ್‌ವೆಲ್ ಬತ್ತಿತ್ತು, ಟ್ಯಾಂಕರಿಗೆ ದಿನಗಟ್ಟಲೆ ಕಾಯಬೇಕಿತ್ತು. ಹಾಸ್ಟೆಲಿನ ಆರ್.ಓ. ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟುಗಳಲ್ಲಿ ಹಿಡಿದು, ದಿನಕ್ಕೆ ಮೂರು ನಾಲ್ಕು ಸಲ ಬದಲಾಯಿಸಿದೆವು. ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಡ್ರಮ್ಮಿನಿಂದ ಎತ್ತಿದ ದಿನ ನಮ್ಮ ಅಟೆಂಡರ್ ಕಿವಿಯ ಹಿಂದಿನ ಮ್ಯಾಸ್ಟಾಯ್ಡ್ ಅನ್ನು ಹೆಬ್ಬೆರಳಿನಿಂದ ಒತ್ತಿ, "ಮೇಡಂ, ಮೂಳೆ ಬಗ್ತಾ ಇದೆ" ಎಂದಾಗ ನನಗೆ ಅರ್ಧ ಕೆಲಸ ಮುಗಿದಷ್ಟು ಸಮಾಧಾನವಾಯಿತು.

ಇನ್ನು ಕ್ರಮ. ತಲೆಯನ್ನು ಸೀಳುವಾಗ ಗರಗಸವನ್ನು ನಡುಗೆರೆಯಿಂದ ಸ್ವಲ್ಪ ನಮಗೆ ಬೇಕಾದ ಅರ್ಧದ ಕಡೆಗೆ ಸರಿಸಿ, ಮೂಗಿನ ನಡುಗೋಡೆ ಇನ್ನೊಂದು ಅರ್ಧಕ್ಕೆ ಹೋಗುವಂತೆ ನೋಡಿಕೊಳ್ಳಿ. ಸಿಲಿಯರಿಯನ್ನು ಆಮ್ಲಕ್ಕೆ ಹಾಕುವ ಮೊದಲೇ, ಕಣ್ಣುಗೂಡಿನ ಚಾವಣಿಯನ್ನು ಒಡೆದು, ಮೇಲಿನಿಂದ ಬಿಡಿಸಿಕೊಳ್ಳುತ್ತೇನೆ, ಏಕೆಂದರೆ ಆಮ್ಲ ಕುಡಿದ ಕೊಬ್ಬಿನಲ್ಲಿ ಕೈಯಾಡಿಸುವುದು ನನಗೆ ಒಗ್ಗಲಿಲ್ಲ. ಸಾಸಿವೆ ಕಾಳಿನಷ್ಟು ದೊಡ್ಡ ಗಂಟನ್ನು ಕೊಬ್ಬಿನಲ್ಲಿ ನೇರವಾಗಿ ಹುಡುಕುವುದು ವ್ಯರ್ಥ. ಇನ್‌ಫೀರಿಯರ್ ಓಬ್ಲಿಕ್ ಸ್ನಾಯುವಿನ ನರವನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಆಪ್ಟಿಕ್ ನರಕ್ಕೂ ಲ್ಯಾಟರಲ್ ರೆಕ್ಟಸ್ ಸ್ನಾಯುವಿಗೂ ನಡುವೆ, ಕಣ್ಣುಗೂಡಿನ ತುದಿಯ ಬಳಿ ಅದು ತಾನಾಗಿ ಸಿಗುತ್ತದೆ. ಸಬ್‌ಮ್ಯಾಂಡಿಬ್ಯುಲರ್ ಬಗ್ಗೆ ಹೇಳುವುದೇನಿಲ್ಲ, ನಾಲಗೆಗೆ ಹೋಗುವ ಲಿಂಗ್ವಲ್ ನರದಿಂದ ಜೋತುಬಿದ್ದಿರುವುದನ್ನು ಮೊದಲ ವರ್ಷದ ವಿದ್ಯಾರ್ಥಿಯೂ ತೋರಿಸಬಲ್ಲ.

ಮಧ್ಯ ಕಪಾಲ ಕುಳಿಯಲ್ಲಿ ಮೆದುಳಿನ ಹೊರಪೊರೆಯಾದ ಡ್ಯೂರಾವನ್ನು ಹಿಂದಿನಿಂದ ಮುಂದಕ್ಕೆ ಎಬ್ಬಿಸಬೇಕು. ಏಳನೆಯ ನರದಿಂದ ಟೆರಿಗೋಪ್ಯಾಲಟೈನ್ ಕಡೆಗೆ ಹೋಗುವ ಗ್ರೇಟರ್ ಪೆಟ್ರೋಸಲ್ ನರ ಡ್ಯೂರಾಕ್ಕೆ ಅಂಟಿಕೊಂಡೇ ಮಲಗಿರುತ್ತದೆ, ಹಿಮ್ಮುಖವಾಗಿ ಎಳೆದರೆ ಏಳನೆಯ ನರದ ಮೇಲೇ ಇರುವ, ಈ ನಾಲ್ಕಕ್ಕೆ ಸೇರದ ಜೆನಿಕ್ಯುಲೇಟ್ ಗ್ಯಾಂಗ್ಲಿಯನ್ ಬಳಿ ಕಿತ್ತುಬರುತ್ತದೆ. ಇದು ನರಶಸ್ತ್ರಚಿಕಿತ್ಸಕರು ಜೀವಂತ ರೋಗಿಯಲ್ಲಿ ಪಾಲಿಸುವ ಕ್ರಮವೇ. ಅಲ್ಲಿಂದ ಕಿವಿಯ ಚಾವಣಿಯನ್ನು ಕಾಗದದಷ್ಟು ತೆಳುವಾಗಿ ಸವರುತ್ತ ಹೋದರೆ ಮೊದಲು ಮ್ಯಾಲಿಯಸ್ಸಿನ ತಲೆ, ಅದರ ಕೆಳಗೆ ಅಡ್ಡಹಾಯುವ ಕಾರ್ಡಾ ಟಿಂಪಾನಿ. ಪೆಟ್ರೋಟಿಂಪಾನಿಕ್ ಸಂದಿಯನ್ನು ಕೊರೆಯುವ ಅಗತ್ಯವೇ ಇಲ್ಲ, ಮೆದುವಾದ ಮೂಳೆ ಬ್ಲೇಡಿಗೆ ಬಿಚ್ಚಿಕೊಳ್ಳುತ್ತದೆ.

ಓಟಿಕ್ ಗ್ಯಾಂಗ್ಲಿಯನ್ನೇ ಈ ಇಡೀ ಕೆಲಸದ ತಿರುಳು. ಎಲ್ಲರೂ ಹೊರಗಿನಿಂದ, ಕೆಳದವಡೆಯ ಲಂಬ ಭಾಗವಾದ ರೇಮಸ್ ಕತ್ತರಿಸಿ, ಪ್ಟೆರಿಗಾಯ್ಡ್ ಸ್ನಾಯುಗಳನ್ನು ತೆಗೆದು ಹೋಗುತ್ತಾರೆ. ಗ್ಯಾಂಗ್ಲಿಯನ್ ಇರುವುದು ಕೆಳದವಡೆಗೆ ಹೋಗುವ ಮ್ಯಾಂಡಿಬ್ಯುಲರ್ ನರದ ಒಳಮಗ್ಗುಲಲ್ಲಿ. ಹೊರಗಿನಿಂದ ಹೋದವರು ಆ ದಪ್ಪ ನರವನ್ನು ಎತ್ತಿ ತಿರುಗಿಸುವಷ್ಟರಲ್ಲಿ ಎಲ್ಲ ಎಳೆಗಳೂ ಕಡಿದಿರುತ್ತವೆ. ನಾನು ಒಳಗಿನಿಂದ ಹೋದೆ. ಮೂಗಿನ ಹಿಂದಿನ ಗಂಟಲಾದ ನೇಸೋಫ್ಯಾರಿಂಕ್ಸ್‌ನ ಲೋಳ್ಪೊರೆ ಸುಲಿದು, ಅಲ್ಲಿಂದ ಮಧ್ಯಕಿವಿಗೆ ಹೋಗುವ ಶ್ರವಣನಾಳದ ಮೃದ್ವಸ್ಥಿಯನ್ನು ಕತ್ತರಿಸಿ ಮಡಚಿ, ಟೆನ್ಸರ್ ವೇಲಿ ಪ್ಯಾಲಟೈನಿ ಸ್ನಾಯುವನ್ನು ಮೇಲಿನಿಂದ ಬಿಡಿಸಿ ಕೆಳಕ್ಕೆ ಇಳಿಬಿಟ್ಟೆ. ಕೆಳಗೆ ಮೀಡಿಯಲ್ ಪ್ಟೆರಿಗಾಯ್ಡ್ ಸ್ನಾಯುವಿಗೆ ಹೋಗುವ ನರ ಕಾಣಿಸಿತು. ಅದನ್ನು ಗಡಿಯಾರ ರಿಪೇರಿಯವರ ಚಿಮುಟದಲ್ಲಿ ಹಿಡಿದು, ಮೇಲಕ್ಕೆ, ಮ್ಯಾಂಡಿಬ್ಯುಲರ್ ನರ ಹೊರಬರುವ ಫೊರಾಮೆನ್ ಓವೇಲ್ ರಂಧ್ರದ ಕಡೆಗೆ, ಅದರ ಎರಡೂ ಪಕ್ಕದ ನಾರುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದಾಗ, ಆ ನರ ಒಂದು ಚಪ್ಪಟೆಯಾದ, ಬೂದುಗೆಂಪು ಬಣ್ಣದ, 2-3 ಮಿ.ಮೀ. ಅಂಡಾಕಾರದೊಳಗೆ ನುಗ್ಗಿ ಮಾಯವಾಯಿತು. ಅದರ ಹಿಂದೆಯೇ ಮಿಡಲ್ ಮೆನಿಂಜಿಯಲ್ ಅಪಧಮನಿ. ಸಂದೇಹಕ್ಕೆ ಆಸ್ಪದವೇ ಇರಲಿಲ್ಲ. ಇದೇ ಒಳಮಗ್ಗುಲಿನಿಂದ ನೋಡಿದರೆ ಕಾರ್ಡಾ ಟಿಂಪಾನಿ ಬಂದು ಲಿಂಗ್ವಲ್ ನರವನ್ನು ಕಪಾಲದ ತಳದಿಂದ ಸುಮಾರು 2 ಸೆಂ.ಮೀ. ಕೆಳಗೆ ಕೂಡುವುದೂ ಒಟ್ಟಿಗೇ ಕಾಣುತ್ತದೆ, ಹೊರಗಿನಿಂದ ಹೋಗುವವರಿಗೆ ಈ ಎರಡೂ ಒಂದೇ ನೋಟಕ್ಕೆ ಸಿಗುವುದಿಲ್ಲ.

ಟೆರಿಗೋಪ್ಯಾಲಟೈನ್‌ಗೂ ಒಳದಾರಿಯೇ. ಗ್ರೇಟರ್ ಪ್ಯಾಲಟೈನ್ ಕಾಲುವೆಯ ತೆಳುಗೋಡೆಯನ್ನು ಕೆಳಗಿನಿಂದ ತೆರೆದು ನರದ ಜೊತೆಗೇ ಏರಿದರೆ ಗ್ಯಾಂಗ್ಲಿಯನ್. ಅದರ ಹಿಂದಿನ ವಿಡಿಯನ್ ಕಾಲುವೆಯನ್ನೂ ಸವರಿ ತೆರೆದೆ. ಅಲ್ಲಿ ಗ್ರೇಟರ್ ಪೆಟ್ರೋಸಲ್ ಜೊತೆ ಕೂಡುವ ಡೀಪ್ ಪೆಟ್ರೋಸಲ್, ಅಂದರೆ ಒಳ ಕ್ಯಾರೊಟಿಡ್‌ನ ಸುತ್ತಲಿನ ಸಿಂಪಥೆಟಿಕ್ ಜಾಲದಿಂದ ಬರುವ ಎಳೆ, ಬಣ್ಣ ಹಚ್ಚುವವರೆಗೂ ಇತ್ತು ಎಂದು ನಂಬುವುದೇ ಕಷ್ಟವಾಗುವಷ್ಟು ಸಪೂರ.

ನಡುವೆ ಕೈ ಪಳಗಲೆಂದು ರಸೆಲ್ ಮಾರ್ಕೆಟ್ಟಿನಿಂದ ಆಡಿನ ತಲೆಗಳನ್ನು ತಂದು ಪ್ರಯತ್ನಿಸಿದ್ದುಂಟು. ಕಿವಿಯ ಭಾಗಕ್ಕೆ ಅದು ಒಳ್ಳೆಯ ಅಭ್ಯಾಸ. ಕಣ್ಣಿಗೆ ಮಾತ್ರ ಬೇಡ: ಮನುಷ್ಯರಲ್ಲಿ ಇಲ್ಲದ ರಿಟ್ರ್ಯಾಕ್ಟರ್ ಬಲ್ಬೈ ಎಂಬ ಸ್ನಾಯು ಆಪ್ಟಿಕ್ ನರವನ್ನು ಸುತ್ತುವರಿದಿರುವುದರಿಂದ ಸಿಲಿಯರಿಯ ಹುಡುಕಾಟ ಬೇರೆಯೇ ಲೆಕ್ಕ. ಉಳಿದ ನಾಲಗೆಯೊಂದನ್ನು ಸಿಹ್ಲರ್ ವಿಧಾನದಲ್ಲಿ ಪಾರದರ್ಶಕ ಮಾಡಿ ನಾಲಗೆಯ ಸ್ನಾಯುಗಳಿಗೆ ಹೋಗುವ ಹೈಪೊಗ್ಲಾಸಲ್ ನರದ ಕವಲುಗಳಿಗೆ ಬಣ್ಣ ಹಿಡಿಸಲು ಹೊರಟೆ. ಹಿಮಟಾಕ್ಸಿಲಿನ್ ಬಣ್ಣ ಹೊರಪದರಕ್ಕಷ್ಟೇ ಹಿಡಿಯಿತು, ಒಳಗೆ ಇಳಿಯಲಿಲ್ಲ. ಆ ಪ್ರಯೋಗಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗ್ಲಿಸರಿನ್ ಎಂದು ಎರಡು ಸಾವಿರಕ್ಕೂ ಹೆಚ್ಚು ಹೋಯಿತು, ಸದ್ಯಕ್ಕೆ ಕೈಬಿಟ್ಟಿದ್ದೇನೆ.

ಉಪಕರಣಗಳಿಗೆ ದೊಡ್ಡ ಖರ್ಚೇನಿಲ್ಲ. ದಂತವೈದ್ಯರು ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿಯಾದ ಲೂಪ್ ಕೊಳ್ಳುವ ಹಣದಲ್ಲಿ ಇಂಥ ನಾಲ್ಕು ಮಾದರಿ ಮಾಡಬಹುದು, ಎಸ್.ಪಿ. ರಸ್ತೆಯಲ್ಲಿ ಮೊಬೈಲ್ ರಿಪೇರಿಯವರಿಗೆಂದು ಮಾರುವ, ದೀಪವಿರುವ ಭೂತಗನ್ನಡಿ ಸಾವಿರದೈನೂರಕ್ಕೆ ಸಿಕ್ಕಿತು. ಆಮ್ಲ, ಡ್ರಮ್ಮು, ಚಿಮುಟ, ಬ್ಲೇಡು, ಅಕ್ರಿಲಿಕ್ ಪೆಟ್ಟಿಗೆ ಎಲ್ಲ ಸೇರಿ ಹದಿನೆಂಟು ಸಾವಿರದ ಆಸುಪಾಸು, ಅದರಲ್ಲಿ ಬಹುಪಾಲು ನನ್ನ ಕೈಯದು. ನರಗಳು ಹಿನ್ನೆಲೆಯಿಂದ ಬೆಳ್ಳಗೆ ಎದ್ದು ಕಾಣುವಂತೆ ಬಣ್ಣಕ್ಕೆ ಮೊದಲು ಒಂದು ರಾತ್ರಿ ಅದ್ದಿಡುವ ದ್ರವ ಒಂದಿದೆ. ಅದರ ಪಾಕವನ್ನೂ, ಒದ್ದೆ ನರದ ಮೇಲೆ ಹಳದಿ ಬಣ್ಣ ಸಿಪ್ಪೆಯೇಳದಂತೆ ಬೆರೆಸುವ ವಸ್ತುವನ್ನೂ ಇಲ್ಲಿ ಬರೆಯುವುದಿಲ್ಲ, ಬಂದು ನೋಡಿದವರಿಗೆ ಹೇಳಿಕೊಡುತ್ತೇನೆ.

"ಏನಮ್ಮಾ, ತಲೇನ ಆಮ್ಲಕ್ಕೆ ಹಾಕಿ ಕೂತಿದ್ದೀಯಂತೆ, ನರ ಉಳಿದ್ರೆ ನನಗೂ ತೋರಿಸು" ಎಂದು ನಕ್ಕಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ಕಳೆದ ಪರೀಕ್ಷೆಗೆ ಬಾಹ್ಯ ಪರೀಕ್ಷಕರಾಗಿ ಬಂದಿದ್ದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಓಟಿಕ್ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಒಂಬತ್ತನೆಯ ನರದ ಎಳೆಗಳನ್ನು ಓಟಿಕ್‌ಗೆ ತರುವ ಲೆಸ್ಸರ್ ಪೆಟ್ರೋಸಲ್ ಎಲ್ಲಿ ಎಂದು ಮಾತ್ರ ಕೇಳಿದರು. ಅದು ಈ ಮಾದರಿಯಲ್ಲಿ ಫೊರಾಮೆನ್ ಓವೇಲ್‌ನಿಂದ ಹಿಂದಕ್ಕೆ ಅರ್ಧ ದಾರಿಯವರೆಗೆ ಮಾತ್ರ ಉಳಿದಿದೆ. ಗ್ಯಾಂಗ್ಲಿಯನ್‌ನಿಂದ ಹಿಂದಕ್ಕೆ ಹೋಗುವ ಬದಲು, ಒಂಬತ್ತನೆಯ ನರದಿಂದ ಹೊರಟು ಕ್ಯಾರೊಟಿಡ್ ಕಾಲುವೆಗೂ ಜುಗ್ಯುಲರ್ ರಂಧ್ರಕ್ಕೂ ನಡುವಿನ ಏಣಿನಲ್ಲಿ ಕಿವಿಯೊಳಕ್ಕೆ ಹೋಗುವ ಟಿಂಪಾನಿಕ್ ಕವಲನ್ನು ಹಿಡಿದು ಮುಂದಕ್ಕೆ ಬರಬೇಕೆಂದು ಈಗ ತೀರ್ಮಾನಿಸಿದ್ದೇನೆ. ನಡುಗೋಡೆ ಉಳಿದಿರುವ ಇನ್ನೊಂದು ಅರ್ಧ ತಲೆ ಡ್ರಮ್ಮಿನಲ್ಲಿದೆ, ಆಕ್ಸಲೇಟ್ ಪರೀಕ್ಷೆಯಲ್ಲಿ ದ್ರವ ಇನ್ನೂ ಕದಡುತ್ತಿದೆ.