ಆರ್ಡರ್ ಪುಸ್ತಕದ ಹಿಂದಿನ ಪುಟಗಳಲ್ಲಿ ನನ್ನ ಕನಸುಗಳು

ಶಿಕಾರಿಪುರದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ. ಹೋದ ವರ್ಷ ಏಪ್ರಿಲ್‌ನಲ್ಲಿ, ಮದುವೆ ಸೀಸನ್ನು ಜೋರಾಗಿದ್ದಾಗ, ಒಬ್ಬರು ಬಂದು ತಮ್ಮ ಹಸಿರು ರೇಷ್ಮೆ ಬ್ಲೌಸ್ ಕೇಳಿದರು. "ನಿನ್ನೇನೇ ತಗೊಂಡು ಹೋದ್ರಲ್ಲಕ್ಕ" ಅಂದೆ. ಅವರು ಕನ್ನಡಿ ಮುಂದೆ ನಿಂತು ತೋಳು ನೋಡಿಕೊಂಡದ್ದು, ಐನೂರರ ನೋಟು ಕೊಟ್ಟದ್ದು, ನಾನು ಚಿಲ್ಲರೆಗೆ ತಡಕಾಡಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವರು ನನ್ನ ಮುಖಾನೇ ನೋಡುತ್ತಾ ನಿಂತರು. ಕಪಾಟು ತೆಗೆದರೆ ಬ್ಲೌಸು ಅಲ್ಲೇ ಇತ್ತು. ಹುಕ್ಕು ಕೂಡ ಹಾಕಿರಲಿಲ್ಲ. ಕೈಕಾಲು ತಣ್ಣಗಾದವು. ನಾನು ಅದನ್ನು ಕೊಟ್ಟಿದ್ದು ಕನಸಿನಲ್ಲಿ.

ಅದಕ್ಕೂ ಎರಡು ವಾರದ ಹಿಂದಿನಿಂದ ಹೀಗೇ ಆಗುತ್ತಿತ್ತು. ರಾತ್ರಿಗೆ ಎರಡು ಮೂರು ಕನಸು. ಮೊದಲೆಲ್ಲ ಎದ್ದು ಮುಖ ತೊಳೆಯುವುದರೊಳಗೆ ಮರೆತು ಹೋಗುತ್ತಿದ್ದವು. ಇವು ಹಾಗಲ್ಲ. ಬಣ್ಣ, ವಾಸನೆ, ಮಾತು ಎಲ್ಲ ಸಂಜೆವರೆಗೂ ಜೊತೆಗೇ ಇರುತ್ತಿದ್ದವು. ಒಂದು ದಿನ ಬೆಳಗಿನ ಜಾವ ಅಜ್ಜಿ ಬಂದರು. ಅವರು ತೀರಿಕೊಂಡು ಒಂಬತ್ತು ವರ್ಷ. ಹಿತ್ತಲ ಕಟ್ಟೆ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಸೆರಗಿಗೆ ಹಾಕಿದ್ದ ತೇಪೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದರ ಹೊಲಿಗೆ ಎಣಿಸಬಹುದಿತ್ತು. ನಾನು ಎಣಿಸಿದೆ ಕೂಡ.

ಅಮ್ಮನಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು, "ಅವ್ವ ಏನಾದ್ರೂ ಕೇಳಿದ್ಲೇನೇ?" ನಮ್ಮ ಕಡೆ ಹಾಗೆ. ಸತ್ತವರು ಕನಸಿಗೆ ಬಂದರೆ ಹಸಿದಿದ್ದಾರೆ, ಏನೋ ಬೇಕಾಗಿದೆ ಅಂತ. ಅವತ್ತೇ ಅಮ್ಮ ರೊಟ್ಟಿ, ಎಣ್ಣೆಗಾಯಿ, ಎಲೆಅಡಿಕೆ ಇಟ್ಟು ಎಡೆ ಹಾಕಿದರು. ನನಗೂ ಮನಸ್ಸಿಗೆ ಸಮಾಧಾನವಾಯಿತು. ಆದರೆ ಕನಸು ನಿಲ್ಲಲಿಲ್ಲ.

ಹಸಿರು ಬ್ಲೌಸಿನ ದಿನ ಮಾತ್ರ ನಿಜವಾಗಿ ಹೆದರಿದೆ. ಕೊಟ್ಟಿದ್ದು ಯಾವುದು, ಕೊಡದೆ ಇದ್ದಿದ್ದು ಯಾವುದು ಅನ್ನೋದೇ ಗೊತ್ತಾಗದಿದ್ದರೆ ಈ ಕೆಲಸ ಮಾಡುವುದು ಹೇಗೆ? ಅಳತೆಗಳನ್ನು ನಾನು ನೆನಪಿನಲ್ಲಿ ಇಟ್ಟುಕೊಳ್ಳಲ್ಲ, ಬರೆದಿಡುತ್ತೇನೆ. ಕನಸನ್ನೂ ಹಾಗೇ ಮಾಡೋಣ ಅಂತ ಆರ್ಡರ್ ಪುಸ್ತಕವನ್ನು ತಿರುವಿ ಹಿಂದಿನ ಪುಟದಲ್ಲಿ ಗೆರೆ ಎಳೆದೆ. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ರಾತ್ರಿ ಏನು ತಿಂದೆ, ಚಹಾ ಎಷ್ಟು, ಮಾತ್ರೆ ಯಾವುದು, ಕನಸು ಏನು. ಕೊನೆಗೆ, ಅದು ಎಷ್ಟು ಸ್ಪಷ್ಟವಾಗಿತ್ತು ಅಂತ 5ಕ್ಕೆ ಒಂದು ಅಂಕ.

ಬರೆಯುವುದನ್ನು ಕಲಿಯಲಿಕ್ಕೇ ಒಂದು ವಾರ ಬೇಕಾಯಿತು. ಎಚ್ಚರವಾದ ಕೂಡಲೇ ಎದ್ದು ಕೂತರೆ ಅರ್ಧ ಕನಸು ಹೋಗಿಬಿಡುತ್ತದೆ. ಹೇಗೆ ಮಲಗಿದ್ದೇನೋ ಹಾಗೇ, ಮಗ್ಗುಲು ಬದಲಿಸದೆ, ಕಣ್ಣು ಮುಚ್ಚಿಕೊಂಡೇ ಕೊನೆಯಿಂದ ಹಿಂದಕ್ಕೆ ನೆನಪಿಸಿಕೊಳ್ಳಬೇಕು. ಮೊಬೈಲ್ ಮುಟ್ಟಬಾರದು. ತಲೆದಿಂಬಿನ ಪಕ್ಕದಲ್ಲಿ ಪೆನ್ಸಿಲ್ ಇರಬೇಕು. ವಾಕ್ಯ ಬೇಡ, ನಾಲ್ಕು ಪದ ಸಾಕು. "ಅಜ್ಜಿ, ಕಟ್ಟೆ, ಸುಣ್ಣ, ತೇಪೆ" ಅಂತ ಬರೆದಿದ್ದರೆ ಮಿಕ್ಕಿದ್ದು ಅದರ ಹಿಂದೆಯೇ ಬರುತ್ತದೆ.

ಆರು ವಾರ ಬರೆದೆ. ಬದನೆಕಾಯಿ, ಮೊಸರು, ತಡವಾಗಿ ಊಟ, ಹೀಗೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದ್ದರು. ನನ್ನ ಪುಸ್ತಕದಲ್ಲಿ ಅವಕ್ಕೂ ಕನಸಿಗೂ ಯಾವ ಸಂಬಂಧವೂ ಕಾಣಲಿಲ್ಲ. ಕಂಡಿದ್ದು ಬೇರೆ. ಮೂರ್ನಾಲ್ಕು ದಿನ ರಾತ್ರಿ ಒಂದರವರೆಗೆ ಮಷೀನ್ ತುಳಿದು, ಐದಕ್ಕೆ ಎದ್ದು, ಆಮೇಲೆ ಭಾನುವಾರ ಎಂಟರವರೆಗೆ ಮಲಗಿದರೆ, ಆ ಭಾನುವಾರ 5ಕ್ಕೆ 5. ಪ್ರತಿ ಸಲವೂ. ಇನ್ನೊಂದು, ಈ ಕನಸುಗಳೆಲ್ಲ ಶುರುವಾಗಿದ್ದು ಅರೆತಲೆನೋವಿಗೆ ಡಾಕ್ಟರ್ ರಾತ್ರಿ ನುಂಗಲು ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟ ಐದಾರು ದಿನಕ್ಕೆ.

ನಿದ್ದೆಯ ವಿಷಯ ನಾನೇ ಓದಿ ತಿಳಿದುಕೊಂಡೆ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಆಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ಅನ್ನೋರು, ನಿದ್ದೆಯ ನಡುವೆ ರೆಪ್ಪೆಯೊಳಗೆ ಕಣ್ಣು ಚುರುಕಾಗಿ ಓಡಾಡುವ ಒಂದು ಹೊತ್ತಿದೆ, ಆಗ ಎಬ್ಬಿಸಿದರೆ ಜನ ಹೆಚ್ಚಾಗಿ ಕನಸು ಹೇಳುತ್ತಾರೆ ಅಂತ ತೋರಿಸಿದರು. ಆಸೆರಿನ್ಸ್ಕಿ ತನ್ನ ಪುಟ್ಟ ಮಗನನ್ನೇ ಮಲಗಿಸಿ ಪರೀಕ್ಷೆ ಮಾಡಿದ್ದನಂತೆ. ಈ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ. ಮೊದಲ ಸಲ ಕೆಲವೇ ನಿಮಿಷ, ಬೆಳಗಾಗುತ್ತಾ ಅರ್ಧ ಗಂಟೆವರೆಗೂ ಬೆಳೆಯುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತೆ ಅಂತ ನಾವು ಹೇಳ್ತೀವಿ ಅಲ್ವಾ? ನನಗನಿಸುವುದು, ಉದ್ದ ಕನಸು ಬೀಳುವುದೇ ಆ ಹೊತ್ತಿನಲ್ಲಿ, ಎಚ್ಚರವಾಗುವುದೂ ಅದರ ನಡುವೆಯೇ. ಅದಕ್ಕೇ ಅಷ್ಟು ನಿಚ್ಚಳವಾಗಿ ಉಳಿಯುತ್ತದೆ. ನನ್ನ ಐದು ಗಂಟೆಯ ಅಲಾರಂ ಸರಿಯಾಗಿ ಅಲ್ಲಿಗೇ ಬಂದು ಬಾಗಿಲು ತಟ್ಟುತ್ತಿತ್ತು. ದಿನಾ ನಿದ್ದೆ ಕಡಿಮೆ ಮಾಡಿದರೆ ಈ ಪಾಲೂ ಬಾಕಿ ಉಳಿಯುತ್ತದೆ. ಸಿಕ್ಕ ಮೊದಲ ರಾತ್ರಿ ಮೆದುಳು ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ನನ್ನ ಭಾನುವಾರಗಳು ಹಾಗೇ.

ಮಾತ್ರೆಯ ವಿಷಯಕ್ಕೆ ಪುಸ್ತಕವನ್ನೇ ಡಾಕ್ಟರ್ ಮುಂದೆ ಇಟ್ಟೆ. ಅವರು ಪುಟ ತಿರುವಿ ತಿರುವಿ ನೋಡಿದರು. ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಕರಗುವಂಥದ್ದು, ಅದಕ್ಕೇ ಸುಲಭವಾಗಿ ಮೆದುಳಿಗೆ ಹೋಗುತ್ತದೆ, ಕೆಲವರಿಗೆ ಹೀಗೆ ಕಣ್ಣಿಗೆ ಕಟ್ಟಿದಂಥ ಕನಸು ಬೀಳುವುದು ಗೊತ್ತಿರುವ ಅಡ್ಡಪರಿಣಾಮ ಅಂದರು. ಇದನ್ನು ಮೊದಲೇ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಆ ಬೇಸರ ನನಗೆ ಈಗಲೂ ಇದೆ. ಮಾತ್ರೆಯನ್ನು ಬೆಳಗ್ಗೆಗೆ ಬದಲಾಯಿಸಿದರು. ಒಂದು ಮಾತು ಗಟ್ಟಿಯಾಗಿ ಹೇಳಿದರು: ನೀವಾಗೇ ನಿಲ್ಲಿಸಬೇಡಿ, ತಟ್ಟನೆ ಬಿಟ್ಟರೆ ಹೃದಯಕ್ಕೆ ತೊಂದರೆಯಾಗಬಹುದು. ಇದೇ ಮಾತ್ರೆ ತಗೊಳ್ಳುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಅದನ್ನು ನೆನಪಿಡಿ.

ರಾತ್ರಿ ಹನ್ನೊಂದಕ್ಕೆ ಮಷೀನಿಗೆ ಬಟ್ಟೆ ಮುಚ್ಚಲು ಶುರು ಮಾಡಿದೆ. ಸೀಸನ್ನಿನಲ್ಲಿ ಅದು ಕಷ್ಟ. ಏಳೆಂಟು ಆರ್ಡರ್ ಬಿಡಬೇಕಾಯಿತು. ಮೂರು ವಾರದಲ್ಲಿ 5 ಅನ್ನುವ ಅಂಕ ಪುಸ್ತಕದಲ್ಲಿ ಕಾಣದಾಯಿತು. ತಲೆನೋವು ಬರುವುದೂ ಕಡಿಮೆಯಾಯಿತು.

ಜುಲೈನಲ್ಲಿ ಅಜ್ಜಿ ಇನ್ನೊಮ್ಮೆ ಬಂದರು. ಮುಖ ಸರಿಯಾಗಿ ಕಾಣಲಿಲ್ಲ, ಸುಣ್ಣದ ಬೆರಳು ಮಾತ್ರ ಕಂಡಿತು. 2 ಅಂತ ಅಂಕ ಹಾಕಿದೆ. ಸೆರಗಿನ ತೇಪೆ ಯಾವ ಬಣ್ಣದ್ದು ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮೊದಮೊದಲ ಪುಟ ತೆಗೆದು ನೋಡಿದೆ. ಪೆನ್ಸಿಲ್ಲಿನಲ್ಲಿ ಬರೆದಿತ್ತು: ಕಂದು ತೇಪೆ, ಕೈಹೊಲಿಗೆ, 11 ಹೊಲಿಗೆ.