ಕಬೈಲ್, ಟೋಕ್ ಪಿಸಿನ್: ಒಂದೇ ವಾಕ್ಯವನ್ನು ಎದುರುಬದುರು ಇಟ್ಟಾಗ

ದೂರದ ಎರಡು ಭಾಷೆಗಳನ್ನು ಅನುವಾದಕ್ಕಾಗಿ ತೂಗಿ ನೋಡಬೇಕಾದಾಗ ನಾನು ಎತ್ತಿಕೊಳ್ಳುವುದು ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯನ್ನು: ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು, ಒಬ್ಬರೊಡನೊಬ್ಬರು ಸೋದರಭಾವದಿಂದ ನಡೆದುಕೊಳ್ಳಬೇಕು ಎನ್ನುವುದು ಅದರ ಸಾರ. ಅದು ಕನ್ನಡದಲ್ಲಿದೆ, ಅಲ್ಜೀರಿಯಾದ ಕಬೈಲ್‌ನಲ್ಲಿದೆ, ಪಾಪುವಾ ನ್ಯೂಗಿನಿಯ ಟೋಕ್ ಪಿಸಿನ್‌ನಲ್ಲೂ ಇದೆ. ಕಬೈಲ್ ಉತ್ತರ ಆಫ್ರಿಕಾದ ಬರ್ಬರ್ ಭಾಷಾ ಬಳಗದ್ದು. ಟೋಕ್ ಪಿಸಿನ್ ಇಂಗ್ಲಿಷ್ ಪದಗಳ ಮೇಲೆ ಬೆಳೆದ ಕ್ರಿಯೋಲ್, ಅಂದರೆ ಭಾಷೆಗಳ ಬೆರಕೆಯಿಂದ ಹುಟ್ಟಿ ಜನರ ನುಡಿಯಾದ ಭಾಷೆ. ಇಂಗ್ಲಿಷ್ ಬಲ್ಲವರಿಗೆ ಎರಡನೆಯದೇ ಸಲೀಸು ಎಂದು ತೋರುತ್ತದೆ. ನನ್ನ ಸಮಯವನ್ನು ಹೆಚ್ಚು ತಿಂದದ್ದು ಅದೇ.

ಕಬೈಲ್‌ನಲ್ಲಿ ಕಷ್ಟವೆಲ್ಲ ಬಾಗಿಲಲ್ಲೇ. ‘ತ್ತ್‌ಲಾಲೆನ್’ ಎಂಬ ಕ್ರಿಯಾಪದವನ್ನು ಬಿಡಿಸಿದರೆ, ಮೊದಲ ‘ತ್ತ್’ ಎಂದಿನಂತೆ ನಡೆಯುವ ಕ್ರಿಯೆಯ ಗುರುತು, ಕೊನೆಯ ‘ಎನ್’ ಎಂದರೆ ‘ಅವರು’, ನಡುವೆ ಉಳಿಯುವುದು ‘ಹುಟ್ಟು’. ನಮ್ಮ ‘ಹುಟ್ಟುತ್ತಾರೆ’ಯನ್ನೂ ಹೀಗೇ ಬಿಡಿಸಬಹುದು. (ಎರಡರಲ್ಲೂ ‘ತ್ತ’ ಇರುವುದು ಬರೀ ಕಾಕತಾಳೀಯ, ಆದರೂ ನನಗೆ ಖುಷಿ ಕೊಟ್ಟಿತು.) ಕೊನೆಯಲ್ಲಿ ‘ಅದ್ ತಿಲಿ ತೆಗ್ಮತ್ತ್ ಗರ್ ಅಸೆನ್’ ಎಂದಿದೆ: ಅವರ ನಡುವೆ ಸೋದರಭಾವ ಇರಬೇಕು. ನಾಮಪದದ ಮೂಲರೂಪ ‘ತಗ್ಮತ್ತ್’. ಕರ್ತೃವಾಗಿ ಕ್ರಿಯಾಪದದ ನಂತರ ಬಂದಿರುವುದರಿಂದ ‘ತೆಗ್ಮತ್ತ್’ ಆಗಿದೆ. ಯಾರು ಕರ್ತೃ ಎಂದು ಪದದ ರೂಪವೇ ಹೇಳುತ್ತದೆ. ಒಮ್ಮೆ ಬಿಡಿಸಿಕೊಂಡರೆ ಮುಂದೆ ಊಹೆಗೆ ಹೆಚ್ಚು ಜಾಗವಿಲ್ಲ.

ಟೋಕ್ ಪಿಸಿನ್‌ನಲ್ಲಿ ರೂಪಗಳು ತೀರ ಕಡಿಮೆ, ಭಾರವೆಲ್ಲ ಪುಟ್ಟ ಪದಗಳ ಮೇಲೆ. ಈ ವಿಧಿಯೊಂದರಲ್ಲೇ ‘ಲೋಂಗ್’ ನಾಲ್ಕು ಸಲ ಬರುತ್ತದೆ. ‘ಲೋಂಗ್ ಸ್ಟಾಪ್ ಫ್ರೀ’ ನನ್ನ ಕೈಯಲ್ಲಿ ‘ಸ್ವತಂತ್ರರಾಗಿರಲು’ ಆಯಿತು. ‘ಲೋಂಗ್ ವೇ’ ‘ರೀತಿಯಲ್ಲಿ’. ‘ಲೋಂಗ್ ಓಲ್ ನಾರಪೆಲ’ ‘ಇತರರೊಂದಿಗೆ’. ‘ಲೋಂಗ್ ಟಿಂಗ್‌ಟಿಂಗ್’ ‘ಮನೋಭಾವದಿಂದ’. ಇಂಗ್ಲಿಷಿನ ‘ಲಾಂಗ್’ ಇಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ. ಹಾಗಾಗಿ ಕ್ರಿಯೋಲ್ ಪಠ್ಯ ಬಂದರೆ ನಾನು ಮೊದಲು ‘ಲೋಂಗ್’ಗೂ, ಇಂಥವರ ಅಥವಾ ಇಂಥದರ ಎಂದು ಹೇಳುವ ‘ಬಿಲೋಂಗ್’ಗೂ ಗೆರೆ ಎಳೆದು, ಪ್ರತಿಯೊಂದರ ಪಕ್ಕ ಕನ್ನಡದ ವಿಭಕ್ತಿ ಬರೆದು, ಆಮೇಲೆ ದೊಡ್ಡ ಪದಗಳ ಕಡೆ ಹೋಗುತ್ತೇನೆ.

ಇನ್ನೊಂದು ತೊಡಕು ‘ನಾವು’. ಕೇಳುವವರನ್ನೂ ಸೇರಿಸಿಕೊಂಡರೆ ‘ಯುಮಿ’, ಬಿಟ್ಟರೆ ‘ಮಿಪೆಲ’. ತುಳುವರಿಗೆ ಇದು ಹೊಸದಲ್ಲ, ಅವರಲ್ಲಿ ‘ನಮ’ ಬೇರೆ, ‘ಎಂಕುಲು’ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ಕಬೈಲ್ ಪಠ್ಯ ಮನುಷ್ಯರನ್ನು ‘ಅವರು’ ಎಂದರೆ, ಟೋಕ್ ಪಿಸಿನ್ ‘ಯುಮಿ ಓಲ್ಗೆಟ’ ಎಂದು ಓದುಗರನ್ನು ಒಳಗೆ ಕರೆದುಕೊಂಡೇ ಶುರುವಾಗುತ್ತದೆ. ಹುಟ್ಟನ್ನೂ ‘ಮಾಮಾ ಕಾರಿಮ್’, ಅಂದರೆ ತಾಯಿ ಹೆತ್ತದ್ದು, ಎನ್ನುತ್ತದೆ. ಈ ಆತ್ಮೀಯತೆಯನ್ನು ‘ಸಕಲ ಮಾನವರು ಜನಿಸಿದ್ದಾರೆ’ ಎಂದು ಒಣಗಿಸಲು ನನಗೆ ಮನಸ್ಸಾಗಲಿಲ್ಲ. ‘ನಮ್ಮೆಲ್ಲರನ್ನೂ ತಾಯಿ ಹೆತ್ತದ್ದು ಸ್ವತಂತ್ರರಾಗಿರಲು’ ಎಂದೇ ಬರೆದೆ.

ಕೊನೆಯ ‘ಬ್ರಾಟ ಸುಸ’ ಅಣ್ಣತಮ್ಮ, ಅಕ್ಕತಂಗಿ ಎಲ್ಲರನ್ನೂ ಸೇರಿಸುತ್ತದೆ. ಅದಕ್ಕೆ ‘ಒಡಹುಟ್ಟಿದವರಂತೆ’ ಎಂದು ಹಾಕಿದೆ. ಕಬೈಲ್‌ನ ‘ತಗ್ಮತ್ತ್’ ಅಣ್ಣತಮ್ಮಂದಿರ ಪದದಿಂದಲೇ ಬಂದದ್ದು. ಅಲ್ಲಿ ‘ಸೋದರಭಾವ’ವನ್ನು ಉಳಿಸಿಕೊಂಡೆ.